ಬೇವಿನೆಣ್ಣೆಯೂ ನೀರೂ

ನನ್ನ ಸೋದರಮಾವನವರು ಒಮ್ಮೆ ತಮ್ಮ ಬದನೆಯ ತೋಟಕ್ಕೆ ಬೇವಿನೆಣ್ಣೆಯನ್ನು ಸಿಂಪಡಿಸಿದರು. ಹಿತ್ತಲಿನ ಬೇವಿನ ಬೀಜ, ಊರಿನ ಗಾಣದ ಎಣ್ಣೆ. ನಾಲ್ಕು ದಿನಗಳ ತರುವಾಯ ನೋಡಿದರೆ, ಮೊದಲ ಸಾಲುಗಳಲ್ಲಿ ಹೇನುಗಳು ಯಥಾಪ್ರಕಾರ ಇದ್ದುವು. ಕೊನೆಯ ಸಾಲುಗಳಲ್ಲಿ ಎಲೆಗಳೇ ಸುಟ್ಟುಹೋಗಿದ್ದುವು. "ಗಾಣದವನು ಮೋಸಮಾಡಿದ" ಎಂದರು ಮಾವ.

ಗಾಣದವನು ನಿರಪರಾಧಿ. ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲುತ್ತದೆ. ಸ್ಪ್ರೇಯರಿನ ಕೊಳವೆಯಾದರೋ ತಳದಿಂದ ಹೀರುತ್ತದೆ. ಆದುದರಿಂದ ಮೊದಲ ಗಿಡಗಳಿಗೆ ಬರಿಯ ನೀರು, ಕೊನೆಯವಕ್ಕೆ ಬರಿಯ ಎಣ್ಣೆ! ಕಲಕಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಕಲಕಿದಾಗ ಎಣ್ಣೆ ಹನಿಹನಿಯಾಗುವುದೇನೋ ನಿಜ. ಆದರೆ ಮೇಲ್ಮೈ ಎಳೆತದ ದೆಸೆಯಿಂದ ಹನಿಗಳು ಕ್ಷಣಮಾತ್ರದಲ್ಲಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ಇಲ್ಲಿ ಸಾಬೂನು ನೆರವಿಗೆ ಬರುತ್ತದೆ. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಮತ್ತೊಂದಕ್ಕೆ ಎಣ್ಣೆ. ಅದು ಹನಿಯ ಸುತ್ತಲೂ ಕವಚದಂತೆ ನಿಂತು ಕೂಡಿಕೆಯನ್ನು ತಡೆಯುತ್ತದೆ. ಮೊದಲು ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಚೆನ್ನಾಗಿ ಕದಡಿ, ಆಮೇಲೆ ಉಳಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಲೀಟರಿಗೆ 3ರಿಂದ 5 ಮಿಲಿಲೀಟರ್ ಎಣ್ಣೆ ಸಾಕು. ಮಿಶ್ರಣ ಹಾಲಿನಂತೆ ಬೆಳ್ಳಗಾದರೆ ಸರಿಯಾಯಿತೆಂದು ತಿಳಿಯಬಹುದು; ಹಾಲಿನ ಬಿಳುಪೂ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದಲೇ ಬಹುಮಟ್ಟಿಗೆ ಉಂಟಾದುದು. ಕೊಳವೆಬಾವಿಯ ಗಡಸು ನೀರಿನಲ್ಲಿ ಮಾತ್ರ ಸಾಬೂನು ಒಡೆದು ಗಸಿಗಟ್ಟುತ್ತದೆ. ಮಳೆಯ ನೀರೇ ಮೇಲು.

ಬೇವಿನ ಬೀಜದ ಮುಖ್ಯ ಕೀಟವಿರೋಧಿ ವಸ್ತು ಅಜಾಡಿರಾಕ್ಟಿನ್. ಇಂಗ್ಲೆಂಡಿನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು 1968ರಲ್ಲಿ ಇದನ್ನು ಬೇರ್ಪಡಿಸಿದರು. ಕೇಂಬ್ರಿಜ್ಜಿನ ಸ್ಟೀವನ್ ಲೇ ಅವರ ತಂಡ ಪ್ರಯೋಗಶಾಲೆಯಲ್ಲಿ ಇದನ್ನು ಕಟ್ಟಿ ಮುಗಿಸಲು 22 ವರ್ಷ ದುಡಿದು, 2007ರಲ್ಲಿ ಫಲ ಕಂಡಿತು. ನಮ್ಮ ಹಿತ್ತಲ ಮರ ವರ್ಷವರ್ಷವೂ ಸದ್ದಿಲ್ಲದೆ ಮಾಡುವ ಕೆಲಸ! ಇದು ಕೀಟವನ್ನು ಕೂಡಲೇ ಕೊಲ್ಲುವುದಿಲ್ಲ. ಮರಿಹುಳು ಮೇವು ಬಿಡುತ್ತದೆ, ಪೊರೆ ಕಳಚಲಾರದೆ ಸೊರಗುತ್ತದೆ. ಬಿಸಿಲಿನ ಅತಿನೇರಿಳೆ ಕಿರಣಗಳು ಇದನ್ನು ಬೇಗನೆ ಒಡೆಯುವುದರಿಂದ ಸಂಜೆಯ ಹೊತ್ತಿನಲ್ಲಿಯೇ ಸಿಂಪಡಿಸಬೇಕು. ಮೀನಿಗೆ ಕೇಡಾದುದರಿಂದ ಕೆರೆಗೆ ತಾಗಿಸಬಾರದು.

ಬೀಜದ ವಿಷಯದಲ್ಲಿಯೂ ಎಚ್ಚರ ಬೇಕು. ತಿರುಳು ತೊಳೆದು ನೆರಳಿನಲ್ಲಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ನಿಧಾನವಾಗಿ ತಿರುಗುವ ಗಾಣದಲ್ಲಿ ಶಾಖ ಕಡಮೆ. ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿಯುವುದಾದರೂ ನಷ್ಟವಿಲ್ಲ, ಹಿಂಡಿಯೂ ಹೊಲಕ್ಕೆ ಗೊಬ್ಬರವೇ.

ಮಾವನವರು ಮರುವಾರ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿದರು. ಈ ಸಲ ಎಲೆ ಸುಡಲಿಲ್ಲ. ಗಾಣದವನೊಡನೆ ಮಾತ್ರ ಅವರಿನ್ನೂ ಮಾತು ಬಿಟ್ಟಿದ್ದಾರೆ.