ಆಟಗಾರನ ಕೈ ಕಟ್ಟುವ ಆಟಗಳು

ಆಟಗಾರನು ಒಂದು ಪಾತ್ರವನ್ನು ರೂಪಿಸಿಕೊಂಡು, ಆ ಪಾತ್ರವಾಗಿಯೇ ನಿರ್ಧಾರ ಕೈಗೊಳ್ಳುತ್ತ ಕಥೆಯನ್ನು ನಡೆಸುವ ರೋಲ್ ಪ್ಲೇಯಿಂಗ್ ಗೇಮ್ ಎಂಬ ಪ್ರಕಾರ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ದಾಳದಾಟದಲ್ಲಿ. ಕಥೆ ನಡೆಸುವವನು ಎದುರಿಗೇ ಕುಳಿತ ಮನುಷ್ಯನಾದ್ದರಿಂದ, ಆಟಗಾರ ಯಾರೂ ಎಣಿಸದ ದಾರಿ ಹಿಡಿದರೂ ಅಲ್ಲಿ ತಕ್ಕ ಉತ್ತರ ದೊರೆಯುತ್ತಿತ್ತು. ತನ್ನ ಆಯ್ಕೆಯಿಂದ ಕಥಾಲೋಕ ಬದಲಾಗುತ್ತದೆಂಬ ಈ ಅನುಭವವನ್ನು ಆಟಗಾರನ ಕರ್ತೃತ್ವ ಎನ್ನಬಹುದು. ಕಂಪ್ಯೂಟರಿಗೆ ಬಂದ ಮೇಲೆ ಮೊದಲೇ ಬರೆದಿಟ್ಟ ದಾರಿಗಳಷ್ಟೇ ಉಳಿದವು. ಆಟ ಸಾಗಿದಷ್ಟೂ ಪಾತ್ರದ ಬಲ ಏರುತ್ತ ಹೋಗುವುದು ಮಾತ್ರ ಈ ಪ್ರಕಾರದ ಮುಖ್ಯ ಆಕರ್ಷಣೆಯಾಗಿ ಬೇರೂರಿತು.

ಆ ಬಲವನ್ನು ಬೇಕೆಂದೇ ಕಸಿದುಕೊಂಡರೆ ಏನಾಗುತ್ತದೆಂಬುದನ್ನು ಮರೆಯಲಾಗದಂತೆ ತೋರಿಸಿದ್ದು 1997ರ ಜಪಾನಿ ಆಟ ‘ಫೈನಲ್ ಫ್ಯಾಂಟಸಿ 7’. ಪ್ರಾರ್ಥನೆಯಲ್ಲಿ ಮಂಡಿಯೂರಿದ ತಂಡದ ಜೊತೆಗಾತಿ ಏರಿತ್‌ಳ ಮುಂದೆ ನಾಯಕ ಕ್ಲೌಡ್ ನಿಂತಾಗ, ಆಟಗಾರ ಗುಂಡಿ ಒತ್ತಿದರೆ ಅವನು ಹಿಂದೆ ಸರಿಯುವುದಿಲ್ಲ, ಕತ್ತಿ ಹಿರಿಯುತ್ತಾನೆ. ಮತ್ತೆ ಒತ್ತಿದರೆ ಅದನ್ನು ಅವಳ ಮೇಲೆಯೇ ಎತ್ತುತ್ತಾನೆ. ಜೊತೆಗಾರರ ಕೂಗಿಗೆ ಅವನು ತಡೆದು ನಿಂತರೂ, ಮೇಲಿನಿಂದ ಎರಗುವ ಖಳನಾಯಕ ಸೆಫಿರೋತ್ ಅವಳನ್ನು ಕೊಂದೇಬಿಡುತ್ತಾನೆ. ಗಂಟೆಗಟ್ಟಲೆ ಅವಳ ಶಕ್ತಿ ಬೆಳೆಸಿ, ಅವಳಿಂದಲೇ ತಂಡದ ಗಾಯ ಮಾಯಿಸಿಕೊಂಡ ಆಟಗಾರನಿಗೆ ಅಲ್ಲಿ ಪಾತ್ರದ ಜೊತೆಗೆ ತಾನು ಕೂಡಿಟ್ಟ ಶ್ರಮವೂ ಹೋಗುತ್ತದೆ. ಕಸಿಯಬೇಕಾದರೆ ಮೊದಲು ಕೊಟ್ಟಿರಬೇಕು. ಆಟಗಾರ ಹೆಣಗಿ ಗೆದ್ದ ಕಾಳಗವನ್ನೇ ಮರುಕ್ಷಣದ ದೃಶ್ಯದಲ್ಲಿ ಸೋಲೆಂದು ತೋರಿಸುವ ಆಟಗಳೂ ಇವೆ. ಅದು ಅಸಹಾಯಕತೆಯ ಚಿತ್ರಣವಲ್ಲ, ಆಟಗಾರನಿಗೆ ಮಾಡುವ ವಂಚನೆ.

ಯುದ್ಧ, ಖಿನ್ನತೆ, ಕುಡಿತದಂಥ ವಯಸ್ಕರ ಬದುಕಿನ ವಿಷಯಗಳು ಆಟಗಳೊಳಗೆ ಬಂದಂತೆ ಈ ತಂತ್ರ ಇನ್ನಷ್ಟು ಸೂಕ್ಷ್ಮವಾಯಿತು. 2013ರ ‘ಡಿಪ್ರೆಶನ್ ಕ್ವೆಸ್ಟ್’ ಎಂಬ ಪಠ್ಯರೂಪದ ಆಟದಲ್ಲಿ ಸರಿಯಾದ ಆಯ್ಕೆ ಪರದೆಯ ಮೇಲೆ ಕಾಣುತ್ತದೆ, ಆದರೆ ಅದರ ಮೇಲೆ ಗೀಟು ಎಳೆದಿರುತ್ತದೆ: ಏನು ಮಾಡಬೇಕೆಂದು ತಿಳಿದಿದ್ದೂ ಮಾಡಲಾಗದ ಸ್ಥಿತಿಯನ್ನು ಆ ಒಂದು ಗೀಟು ಹೇಳುವಷ್ಟು ನಿಖರವಾಗಿ ಪುಟಗಟ್ಟಲೆ ವಿವರಣೆಯೂ ಹೇಳಲಾರದು.

ಎಸ್ಟೋನಿಯಾದಲ್ಲಿ ಮೂಲವಿರುವ ಝಾ/ಊಮ್ ಸಂಸ್ಥೆ 2019ರಲ್ಲಿ ಹೊರತಂದ, ರಾಬರ್ಟ್ ಕುರ್ವಿಟ್ಜ್ ಮುಖ್ಯ ಲೇಖಕರಾಗಿದ್ದ ‘ಡಿಸ್ಕೊ ಎಲೀಸಿಯಮ್’, ದಾಳವನ್ನೇ ಮರಳಿ ತಂದು ಅದರ ಅರ್ಥವನ್ನು ಬದಲಿಸಿತು. ಕುಡಿದು ನೆನಪನ್ನೇ ಕಳೆದುಕೊಂಡ ಪತ್ತೇದಾರನೊಬ್ಬ ಹೋಟೆಲಿನ ಕೋಣೆಯಲ್ಲಿ ಕಣ್ಣು ತೆರೆಯುತ್ತಾನೆ. ಮೇಲೆ ತಿರುಗುತ್ತಿರುವ ಫ್ಯಾನಿಗೆ ಅವನ ಟೈ ಸಿಕ್ಕಿಕೊಂಡಿದೆ. ದೇಹಬಲ ತೀರ ಕಡಿಮೆಯಿಟ್ಟುಕೊಂಡ ಆಟಗಾರ ಅದನ್ನು ಎಳೆದುಕೊಳ್ಳಲು ಹೋಗಿ ತಪ್ಪಿದರೆ ಹೃದಯಾಘಾತವಾಗಿ ಆಟ ಅಲ್ಲಿಗೇ ಮುಗಿಯಬಹುದು. 24 ಕೌಶಲಗಳು ಅವನ ತಲೆಯೊಳಗೆ ದನಿಗಳಾಗಿ ಮಾತಾಡುತ್ತವೆ, ತಪ್ಪು ಸಲಹೆಯನ್ನೂ ಕೊಡುತ್ತವೆ. ಎರಡು ದಾಳಗಳಲ್ಲಿ ಎರಡೂ ಒಂದೊಂದೇ ಬಿದ್ದರೆ ಎಂಥ ಕೌಶಲವಿದ್ದರೂ ಸೋಲು ಖಚಿತ. ಆದರೆ ಆ ಸೋಲು ಬಹುತೇಕ ಕಡೆ ಕಥೆಯನ್ನು ನಿಲ್ಲಿಸುವುದಿಲ್ಲ. ಗೆದ್ದವನಿಗೆ ಕೇಳಿಸದ ಮಾತುಗಳು ಸೋತವನಿಗೆ ಕೇಳಿಸುತ್ತವೆ.

ಸೋಲು ಖಚಿತವಾದಾಗಲೂ ಮಾತಿಗೆ ಎಡೆಯುಳಿಯುವ ಈ ಬಗೆ ತಾಳಮದ್ದಳೆ ಕೇಳಿದವರಿಗೆ ಹೊಸದೆನಿಸದು: ಕರ್ಣ ಸಾಯಲೇಬೇಕೆಂದು ಪ್ರಸಂಗ ಮೊದಲೇ ನಿಶ್ಚಯಿಸಿದ್ದರೂ, ಏನು ಹೇಳಿ ಸಾಯುತ್ತಾನೆಂಬುದು ಆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಕೈಯಲ್ಲಿರುತ್ತದೆ. 2022ರಲ್ಲಿ ಜಾಶ್ ಸಾಯರ್ ನಿರ್ದೇಶಿಸಿದ ‘ಪೆಂಟಿಮೆಂಟ್’ ಆಟ ಈ ಅಸಹಾಯಕತೆಯ ಇನ್ನೊಂದು ತುದಿಯನ್ನು ಮುಟ್ಟಿತು. 1518ರ ಬವೇರಿಯಾದ ಹಳ್ಳಿಯೊಂದರಲ್ಲಿ ಕೊಲೆಯಾಗಿ, ಚಿತ್ರಕಾರ ಆಂಡ್ರಿಯಾಸ್ ಸಾಕ್ಷ್ಯ ಕಲೆಹಾಕುತ್ತಾನೆ. ಹೊತ್ತು ಸಾಲದು, ಎಲ್ಲರನ್ನೂ ವಿಚಾರಿಸಲಾಗದು, ಆದರೂ ಯಾರನ್ನಾದರೂ ತೋರಿಸಲೇಬೇಕು. ಅವನ ಮಾತಿನ ಮೇಲೆ ಒಂದು ತಲೆ ಉರುಳುತ್ತದೆ. ಶಿಕ್ಷೆಗೊಳಗಾದವರೇ ನಿಜವಾದ ಕೊಲೆಗಾರರು ಹೌದೋ ಅಲ್ಲವೋ ಎಂಬುದನ್ನು ಆಟ ಖಚಿತಪಡಿಸುವುದೇ ಇಲ್ಲ. ಏಳು ವರ್ಷಗಳ ನಂತರ ಆಂಡ್ರಿಯಾಸ್ ಮರಳಿ ಬರುವುದು ಆ ಒಬ್ಬರಿಲ್ಲದ ಅದೇ ಊರಿಗೆ.