ನಳದ ನೀರು, ದೀಪದ ಬೆಳಕು, ಬೀದಿಯ ನೈರ್ಮಲ್ಯ: ಹೊಣೆ ಯಾರದು?

ಬೆಳಗಿನ ಜಾವದಲ್ಲೆದ್ದು ಇಷ್ಟಲಿಂಗ ಪೂಜೆಗೆ ಅಣಿಯಾಗುವ ಸದ್ಭಕ್ತರ ಮನೆಯಲ್ಲಿ ಮೊದಲು ಬೇಕಾಗುವುದು ಅಗ್ಘವಣಿ. ನಮ್ಮ ಹಿರಿಯರು ಅದನ್ನು ಬಾವಿಯಿಂದಲೋ ಹೊಳೆಯಿಂದಲೋ ತಾವೇ ಹೊತ್ತು ತರುತ್ತಿದ್ದರು. ಆ ನೀರು ಎಲ್ಲಿಯದು, ಎಷ್ಟು ಶುದ್ಧ, ಬೇಸಿಗೆಯಲ್ಲಿ ಎಷ್ಟು ದಿನ ಬಂದೀತು ಎಂಬುದೆಲ್ಲ ಅವರಿಗೆ ತಿಳಿದಿತ್ತು. ನಾವು ನಳ ತಿರುಗಿಸುತ್ತೇವೆ, ಗುಂಡಿ ಒತ್ತಿ ದೀಪ ಹಚ್ಚುತ್ತೇವೆ, ಕಸವನ್ನು ಗಾಡಿಗೆ ಸುರಿದು ಒಳಗೆ ಬರುತ್ತೇವೆ. ಇವು ಮೂರೂ ನಡೆದಿರುವವರೆಗೆ ಹಿಂದೆ ಯಾರ ದುಡಿಮೆಯಿದೆ ಎಂದು ವಿಚಾರಿಸುವುದಿಲ್ಲ. ನಿಂತ ದಿನ ಮಾತ್ರ ‘ಸರ್ಕಾರ’ವನ್ನು ದೂರುತ್ತೇವೆ. ಆದರೆ ನೀರು ಕೊಡುವವರು ಬೇರೆ, ಕೊಳವೆ ಹಾಕಿದವರು ಬೇರೆ, ವಿದ್ಯುತ್ತು ಕೊಡುವವರು ಬೇರೆ. ಈ ಭೇದವನ್ನು ಅರಿಯದೆ ಮಾಡಿದ ದೂರು ಸಲ್ಲಬೇಕಾದ ಬಾಗಿಲಿಗೆ ಸಲ್ಲುವುದಿಲ್ಲ. ಆದುದರಿಂದ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳನ್ನು ಕಣ್ಣಮುಂದಿಟ್ಟುಕೊಂಡು ಈ ವ್ಯವಸ್ಥೆಯನ್ನು ವಾಚಕ ಬಂಧುಗಳಿಗೆ ತಿಳಿಸಬಯಸುತ್ತೇವೆ.

ಬರದ ಸೀಮೆಗೆ ಬಂದ ನೀರು

ಬಳ್ಳಾರಿ ಸೀಮೆಯು ಬರಕ್ಕೆ ಹೆಸರಾದ ನೆಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ತುಂಗಭದ್ರೆಯ ನೀರನ್ನು ಈ ಒಣನೆಲಕ್ಕೆ ಹರಿಸಬೇಕೆಂಬ ಆಲೋಚನೆಯು 19ನೆಯ ಶತಮಾನದಲ್ಲಿಯೇ ಹುಟ್ಟಿದರೂ ಅಣೆಕಟ್ಟಿನ ಕಾರ್ಯ ಆರಂಭವಾದುದು 1945ರಲ್ಲಿ, ಆಗಿನ ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ಒಪ್ಪಂದದ ಮೇಲೆ. 1953ರಲ್ಲಿ ಜಲಾಶಯದಿಂದ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಒಂದೇ ಕಾಲುವೆಯ ನೀರು ಎರಡು ರಾಜ್ಯಗಳಿಗೆ ಹರಿಯಬೇಕಾಗಿ ಬಂದುದರಿಂದ ಅದರ ಮೇಲ್ವಿಚಾರಣೆಗೆ ತುಂಗಭದ್ರಾ ಮಂಡಳಿ ಸ್ಥಾಪಿತವಾಯಿತು.

ಬಳ್ಳಾರಿಯ ಮನೆಯ ನಳದ ಮೊದಲ ಯಜಮಾನ ಈ ಕಾಲುವೆಯೇ. ಕಾಲುವೆಯ ನೀರನ್ನು ಅಲ್ಲೀಪುರ ಮತ್ತು ಮೋಕಾ ಕೆರೆಗಳಲ್ಲಿ ತುಂಬಿಸಿಕೊಂಡು, ಶುದ್ಧೀಕರಿಸಿ, ಮೇಲ್ತೊಟ್ಟಿಗಳಿಗೆ ಏರಿಸಿ ನಗರಕ್ಕೆ ಬಿಡಲಾಗುತ್ತದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತಾಗ ಈ ಕೆರೆಗಳ ಸಂಗ್ರಹವೇ ನಗರಕ್ಕೆ ಆಧಾರ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ರೈತರಷ್ಟೇ ಅಲ್ಲ, ಪಟ್ಟಣವಾಸಿಗಳೂ ಕಂಗೆಟ್ಟುದು ಇದರಿಂದಲೇ. ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗೇಟನ್ನು ಇಳಿಸಿ ಒಂದು ವಾರದೊಳಗೆ ಸೋರಿಕೆಯನ್ನು ತಡೆದರು. ದೂರದ ಅಣೆಕಟ್ಟಿನ ಒಂದು ಸರಪಳಿ ಹರಿದರೆ ನಮ್ಮ ಅಡುಗೆಮನೆಯ ಕೊಡಕ್ಕೆ ಕುತ್ತು ಬರಬಹುದೆಂಬುದನ್ನು ಆ ವಾರ ನಾವೆಲ್ಲರೂ ಕಂಡೆವು. ಇದರ ಮೇಲೆ ಹೂಳಿನ ಸಮಸ್ಯೆ ಬೇರೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯವು ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ.

ಮೂರು ಊರು, ಮೂರು ಬಗೆಯ ಆಡಳಿತ

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರೊಡನೆ ಸೇರಿದ 12ನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಿವೆ. ನೀರು ಸರಬರಾಜು, ನೈರ್ಮಲ್ಯ, ಕಸದ ವಿಲೇವಾರಿ, ಬೀದಿದೀಪ ಇವೆಲ್ಲ ಅದರಲ್ಲಿ ಸೇರಿವೆ. ಮನೆಮನೆಗೆ ವಿದ್ಯುತ್ತು ಪೂರೈಸುವುದು ಆ ಪಟ್ಟಿಯಲ್ಲಿಲ್ಲ. ಆದಕಾರಣ ಬೀದಿಯ ದೀಪ ಆರಿದರೆ ಕೇಳಬೇಕಾದುದು ನಗರಾಡಳಿತವನ್ನು. ಮನೆಯ ದೀಪ ಆರಿದರೆ ವಿದ್ಯುತ್ ಕಂಪನಿಯನ್ನು.

ಬಳ್ಳಾರಿಯಲ್ಲಿರುವುದು ಮಹಾನಗರ ಪಾಲಿಕೆ. ಅದು 1976ರ ಪೌರ ನಿಗಮಗಳ ಕಾಯಿದೆಗೆ ಒಳಪಟ್ಟಿದೆ. ಸಿರುಗುಪ್ಪದ ನಗರಸಭೆ ಮತ್ತು ಕುರುಗೋಡಿನ ಪುರಸಭೆಗಳು 1964ರ ಪೌರಸಭೆಗಳ ಕಾಯಿದೆಗೆ ಒಳಪಟ್ಟಿವೆ. 2011ರ ಜನಗಣತಿಯಲ್ಲಿಯೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷವನ್ನು ದಾಟಿತ್ತು. ಸಿರುಗುಪ್ಪದಲ್ಲಿ ಸುಮಾರು 52 ಸಾವಿರ ಜನರಿದ್ದರು. ಸಿರುಗುಪ್ಪ ತುಂಗಭದ್ರೆಯ ದಡದ ಊರು, ಭತ್ತದ ಕಣಜ. ಆದರೆ ಹೊಳೆಯ ದಡದಲ್ಲಿದ್ದ ಮಾತ್ರಕ್ಕೆ ನಳಕ್ಕೆ ನೀರು ಬಾರದು. ಹೊಳೆಯಿಂದ ಎತ್ತುವ ಪಂಪು, ಶುದ್ಧೀಕರಣ ಘಟಕ, ಏರುಕೊಳವೆ, ಮೇಲ್ತೊಟ್ಟಿ ಇವುಗಳಲ್ಲಿ ಯಾವುದೊಂದು ಕೆಟ್ಟರೂ ಹೊಳೆ ತುಂಬಿ ಹರಿಯುತ್ತಿರುವಾಗಲೇ ಕೊಡ ಬರಿದಾಗುತ್ತದೆ. ಕುರುಗೋಡಿನ ಸಂಗತಿ ಇನ್ನೊಂದು ಬಗೆಯದು. ದೊಡ್ಡಬಸವೇಶ್ವರನ ಭವ್ಯ ಏಕಶಿಲಾ ಮೂರ್ತಿಯಿಂದ ಪ್ರಸಿದ್ಧವಾದ ಈ ಊರಿಗೆ ಜಾತ್ರೆಯ ದಿನಗಳಲ್ಲಿ ಸುತ್ತಣ ಸೀಮೆಯ ಭಕ್ತರು ತಂಡತಂಡವಾಗಿ ಬರುತ್ತಾರೆ. ಊರಿನ ಜನಸಂಖ್ಯೆಯ ಲೆಕ್ಕಕ್ಕೆ ಕಟ್ಟಿದ ಕೊಳವೆ, ಚರಂಡಿ, ಕಸದ ಗಾಡಿಗಳು ಅಷ್ಟು ಜನರ ಭಾರವನ್ನು ಹೊರಬೇಕಾಗುತ್ತದೆ. ಚಿಕ್ಕ ಪುರಸಭೆಯ ಆದಾಯವೂ ಚಿಕ್ಕದೇ ಎಂಬುದನ್ನು ದಾಸೋಹ ನಡೆಸುವ ಮಹಾಜನರು ಮರೆಯಬಾರದು.

ಬೆಂಗಳೂರಿಗೆ 1964ರಿಂದ ಪ್ರತ್ಯೇಕ ಜಲಮಂಡಳಿಯಿದೆ. ಉಳಿದ ನಗರಗಳಿಗಾಗಿ 1973ರ ಕಾಯಿದೆಯ ಮೇರೆಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚಿತವಾಯಿತು. ಯೋಜನೆ ತಯಾರಿಸಿ, ಕಾಮಗಾರಿ ಮುಗಿಸಿ ಬಹುತೇಕ ಊರುಗಳಲ್ಲಿ ಅದನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸುವುದು ಈ ಮಂಡಳಿಯ ರೂಢಿ. ಹೀಗೆ ಕಟ್ಟಿದವರು ಒಬ್ಬರು, ನಡೆಸುವವರು ಇನ್ನೊಬ್ಬರು. ಕೊಳವೆ ಒಡೆದಾಗ ಒಬ್ಬರು ಮತ್ತೊಬ್ಬರ ಕಡೆಗೆ ಬೆರಳು ತೋರಿಸಲು ಎಡೆಯಾಗುವುದು ಇಲ್ಲಿಯೇ.

ಬೆಳಕಿನ ದಾರಿ

ವಿದ್ಯುತ್ತಿನ ವಿಷಯದಲ್ಲಿ ಹೊಣೆಯ ಹಂಚಿಕೆ ಇನ್ನೂ ಸ್ಪಷ್ಟವಾಗಿದೆ. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿಯನ್ನು ನಮ್ಮ ಮನೆಗಳಲ್ಲಿ ಇಂದಿಗೂ ‘ಕೆ.ಇ.ಬಿ.’ ಎಂದೇ ಕರೆಯುತ್ತಾರೆ. ಆದರೆ ಅದು 1999ರಲ್ಲಿಯೇ ಕೊನೆಗೊಂಡು ವಿದ್ಯುತ್ ಪ್ರಸರಣ ನಿಗಮವಾಯಿತು. 2002ರ ಜೂನ್‌ನಲ್ಲಿ ವಿತರಣೆಯ ಕಾರ್ಯವು ಪ್ರಾದೇಶಿಕ ಕಂಪನಿಗಳಿಗೆ ಹೋಯಿತು. ನಮ್ಮ ಭಾಗದ್ದು ಜೆಸ್ಕಾಂ. ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿದೆ. ಕುಡತಿನಿಯ ಬಳಿಯ ಬಳ್ಳಾರಿ ಶಾಖೋತ್ಪನ್ನ ಕೇಂದ್ರದಲ್ಲಿ 500 ಮೆಗಾವ್ಯಾಟಿನ ಎರಡು ಹಾಗೂ 700 ಮೆಗಾವ್ಯಾಟಿನ ಒಂದು ಘಟಕಗಳಿವೆ. ಅಲ್ಲಿ ವಿದ್ಯುತ್ತು ಉತ್ಪಾದಿಸುವುದು ಕರ್ನಾಟಕ ವಿದ್ಯುತ್ ನಿಗಮ. ಅದನ್ನು ಸಾಗಿಸುವುದು ಪ್ರಸರಣ ನಿಗಮ. ಮನೆಗೆ ಮುಟ್ಟಿಸಿ ಹಣ ಪಡೆಯುವುದು ಜೆಸ್ಕಾಂ. ಮೂರೂ ರಾಜ್ಯ ಸರ್ಕಾರದ ಒಡೆತನದವೇ. ಆದರೆ ದರ ನಿಗದಿಪಡಿಸುವ ಅಧಿಕಾರ ಈ ಮೂವರಿಗೂ ಇಲ್ಲ. ಅದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು.

ಆಯೋಗವು ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಿ ವಿಚಾರಣೆ ನಡೆಸುತ್ತದೆ. ಸಾಮಾನ್ಯ ಗ್ರಾಹಕರೂ ಅಲ್ಲಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸೇವೆಗೆ ಕಾಲಮಿತಿಗಳನ್ನೂ ಆಯೋಗವು ಗೊತ್ತುಪಡಿಸಿದೆ. ತಪ್ಪಿದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬೇಕು; ಫಲ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಂದ ಓಂಬುಡ್ಸ್‌ಮನ್ ಅವರಲ್ಲಿಗೂ ಹೋಗಬಹುದು. ದೂರಿನ ಸಂಖ್ಯೆಯಿಲ್ಲದ ದೂರು ಬಾಯಿಮಾತಾಗಿಯೇ ಉಳಿಯುತ್ತದೆ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಮೇರೆಗೆ 200 ಯೂನಿಟ್‌ಗಳ ಮಿತಿಯೊಳಗೆ ಬಳಸುವ ಮನೆಗಳಿಗೆ ಶೂನ್ಯ ಬಿಲ್ಲು ಬರುತ್ತದೆ. ಬಿಲ್ಲು ಶೂನ್ಯವಾದರೂ ವೆಚ್ಚ ಶೂನ್ಯವಲ್ಲ. ಅದನ್ನು ಸರ್ಕಾರ ಕಂಪನಿಗೆ ತೆರುತ್ತದೆ. ನೀರಿನ ವೆಚ್ಚದಲ್ಲಿಯೂ ದೊಡ್ಡ ಪಾಲು ಪಂಪುಗಳ ವಿದ್ಯುತ್ತಿನದೇ. ಸ್ಥಳೀಯ ಸಂಸ್ಥೆಗಳು ನೀರಿನ ಕರ ವಸೂಲಾಗದೆ ವಿದ್ಯುತ್ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲೆಲ್ಲ ಕಾಣುವ ಸಂಗತಿ. ಹೀಗೆ ನಾವು ಕಟ್ಟದ ನೀರಿನ ಕರವು ಸುತ್ತಿ ಬಂದು ವಿದ್ಯುತ್ ಕಂಪನಿಯ ನಷ್ಟವಾಗುತ್ತದೆ.

ಖಾಲಿ ಕೊಳವೆಯ ಕೇಡು

ನಮ್ಮ ಮಾತೆಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹಲವು ದಿನಗಳಿಗೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ದಿನ ಕೊಳವೆ ಖಾಲಿಯಿರುತ್ತದೆ. ತುಂಬಿದ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ಖಾಲಿ ಕೊಳವೆಯ ಬಿರುಕಿನಿಂದ ಚರಂಡಿಯ ಹೊಲಸು ಒಳಕ್ಕೆ ಇಳಿಯುತ್ತದೆ. ನಳಕ್ಕೆ ನೇರವಾಗಿ ಮೋಟಾರು ಕಟ್ಟಿ ಎಳೆದರೆ ಈ ಹೊಲಸನ್ನು ನಾವೇ ಕರೆದುಕೊಂಡಂತೆ. ಅದೇ ಮೋಟಾರು ಓಣಿಯ ಕೊನೆಯ ಬಡಮನೆಯ ಪಾಲಿನ ನೀರನ್ನೂ ಕಸಿಯುತ್ತದೆ. 2022ರಲ್ಲಿ ನೆರೆಯ ರಾಯಚೂರು ನಗರದಲ್ಲಿ ನಳದ ನೀರು ಕಲುಷಿತಗೊಂಡು ಜನರು ರೋಗಕ್ಕೆ ತುತ್ತಾದರು, ಜೀವಹಾನಿಯೂ ಆಯಿತು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಇಂಥದೇ ದುರಂತ ನಡೆಯಿತು. ಎರಡೂ ದೂರದ ಊರುಗಳಲ್ಲ. ಬಂದ ನೀರಿನ ಮೊದಲ ಧಾರೆಯನ್ನು ಕುಡಿಯಲು ಹಿಡಿಯದಿರುವುದು, ಬಣ್ಣ ವಾಸನೆಗಳಲ್ಲಿ ಸಂದೇಹ ಬಂದರೆ ಆ ದಿನವೇ ತಿಳಿಸುವುದು, ಕುದಿಸಿ ಆರಿಸಿ ಕುಡಿಯುವುದು, ಇವು ಮನೆಯೊಳಗಿನ ಎಚ್ಚರಿಕೆಗಳು.

ಇದಕ್ಕೆ ನಿಜವಾದ ಪರಿಹಾರ ಕೊಳವೆಯಲ್ಲಿ ಸದಾ ಒತ್ತಡ ಉಳಿಯುವಂತೆ ಮಾಡುವುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ನಿರ್ವಹಣೆಯನ್ನು ಫ್ರಾನ್ಸಿನ ವಿಯೋಲಿಯಾ ಸಂಸ್ಥೆಗೆ ವಹಿಸಲಾಗಿತ್ತು. ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರು ಕೂಡಿಸಿ, ಬಳಸಿದಷ್ಟಕ್ಕೆ ದರ ಕಟ್ಟಿಸುವ ಕ್ರಮ ಅದು. ನೀರನ್ನು ಖಾಸಗಿಯವರ ಕೈಗೆ ಕೊಡಬಾರದೆಂದು ವಿರೋಧವೂ ಬಂದಿತು. ಅದೇ ಫ್ರಾನ್ಸಿನ ಪ್ಯಾರಿಸ್ ನಗರವು ತನ್ನ ನೀರಿನ ಆಡಳಿತವನ್ನು 2010ರಲ್ಲಿ ಖಾಸಗಿ ಕಂಪನಿಗಳಿಂದ ಮರಳಿ ಪಡೆದು ನಗರದ ಸ್ವಂತ ಸಂಸ್ಥೆಗೆ ಒಪ್ಪಿಸಿತೆಂಬುದು ಗಮನಾರ್ಹ. ಇವೆರಡನ್ನೂ ನೋಡಿದಾಗ ನಮಗೆ ತೋರುವುದಿಷ್ಟು: ನಡೆಸುವವರು ಯಾರೇ ಇರಲಿ, ಮೀಟರು ಸರಿಯಿರಬೇಕು, ಲೆಕ್ಕ ಬಯಲಿನಲ್ಲಿರಬೇಕು, ಬಡವನ ಮೊದಲ ಕೊಡ ಕೈಗೆಟುಕುವ ದರದಲ್ಲಿರಬೇಕು, ತಪ್ಪಿದರೆ ಕೇಳುವ ಅಧಿಕಾರ ಊರಿನ ಕೈಯಲ್ಲಿಯೇ ಇರಬೇಕು.

ಕಸಗುಡಿಸುವ ಕೈಗೆ ಗೌರವ

ನಗರಸೇವೆಗಳಲ್ಲಿ ಅತ್ಯಂತ ಕಠಿನವಾದುದು ಪೌರಕಾರ್ಮಿಕರ ಕೆಲಸ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅನಿಷ್ಟ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ಒಳಚರಂಡಿಯ ಗುಂಡಿಗೆ ಮನುಷ್ಯನನ್ನು ಇಳಿಸುವುದು ಇಂದು ಅಪರಾಧ. ಯಂತ್ರ ಬರಲು ತಡವಾಗುತ್ತದೆಂದು ಯಾರನ್ನಾದರೂ ಹಣ ಕೊಟ್ಟು ಇಳಿಸುವ ಗೃಹಸ್ಥನೂ ಆ ಪಾಪಕ್ಕೆ ಭಾಗಿ.

ಶರಣಸಂಕುಲದಲ್ಲಿ ಕಸಗುಡಿಸುವ ಕಾಯಕದ ಸತ್ಯಕ್ಕನಿದ್ದಳು. ಲಂಚ ವಂಚನೆಗಳಿಗೆ ಕೈಯೊಡ್ಡೆನೆಂದು ಆಣೆಯಿಟ್ಟು ನುಡಿದ ಶರಣೆ ಆಕೆ. ಅಂಗಳದ ಕಸ, ಆಡಳಿತದ ಕಸ ಎರಡನ್ನೂ ಆಕೆ ಗುಡಿಸಿದಳೆಂದರೆ ಸಲ್ಲುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ ಲೋಕದ ಬಾಯಾರಿಕೆಯನ್ನು ನೀಗಿದರು. ಆಯ್ದಕ್ಕಿ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದಳು. ಈ ಮೂವರ ನಡೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು, ನಳಕ್ಕೆ ಮೋಟಾರು ಕಟ್ಟಿ ಪಕ್ಕದ ಮನೆಯ ಪಾಲನ್ನು ಎಳೆದುಕೊಂಡರೆ ಆ ನೀರು ಲಿಂಗಕ್ಕೆ ಸಲ್ಲುವ ಅಗ್ಘವಣಿಯಾದೀತೇ?

ನಾವು ಮಾಡಬಹುದಾದುದು

1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಹಿರಿಯರು, ಒಬ್ಬೊಬ್ಬರಿಂದಾಗದ ಕಾರ್ಯವು ಕೂಡಿದರೆ ಆಗುತ್ತದೆಂದು ತೋರಿಸಿಕೊಟ್ಟರು. ಶಾಲೆ ಕಾಲೇಜುಗಳನ್ನು ಸಮಾಜವೇ ಕಟ್ಟಬಹುದು. ನೀರಿನ ಕೊಳವೆಯನ್ನು ಒಂದು ಸಮಾಜ ತನಗಾಗಿ ಕಟ್ಟಿಕೊಳ್ಳಲಾಗದು; ಅದು ಎಲ್ಲ ಮತ, ಎಲ್ಲ ಓಣಿಗಳಿಗೆ ಸೇರಿದ್ದು. ಹಾಗಾಗಿ ಇಲ್ಲಿ ಕೂಡಬೇಕಾದುದು ಓಣಿಯ ಎಲ್ಲ ನೆರೆಹೊರೆಯವರೊಡನೆ.

ಪ್ರತಿ ಓಣಿಯಲ್ಲಿ ಇಬ್ಬರು ಮೂವರು ಹಿರಿಯರು ಸೇರಿ, ನೀರು ಬಂದ ದಿನ, ಹೊತ್ತು, ನೀರಿನ ಬಣ್ಣ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೂರು ತಿಂಗಳ ಆ ಲೆಕ್ಕವು ನೂರು ಜನರ ಕೂಗಿಗಿಂತ ಗಟ್ಟಿಯಾಗಿ ಪಾಲಿಕೆಯ ಸಭೆಯಲ್ಲಿ ಮಾತಾಡುತ್ತದೆ. ಆಸ್ತಿ ತೆರಿಗೆ, ನೀರಿನ ಕರಗಳನ್ನು ಕಾಲಕ್ಕೆ ಕಟ್ಟಿ ರಸೀದಿ ಇಟ್ಟುಕೊಳ್ಳಲಿ. ಕಟ್ಟಿದವನ ಪ್ರಶ್ನೆಗೆ ತೂಕವಿದೆ. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಲಿ. ಮಠಮಾನ್ಯಗಳಲ್ಲಿ ದಾಸೋಹ, ಜಾತ್ರೆಗಳು ನಡೆಯುವ ಮುನ್ನವೇ ನೀರು ಮತ್ತು ಕಸದ ಏರ್ಪಾಡನ್ನು ಪುರಸಭೆಯೊಡನೆ ಕುಳಿತು ಗೊತ್ತುಮಾಡಿಕೊಳ್ಳಲಿ. ಬಾಗಿಲಿಗೆ ಬಂದ ಪೌರಕಾರ್ಮಿಕರನ್ನು ಹೆಸರು ಹಿಡಿದು, ಅಣ್ಣ ಅಕ್ಕ ಎಂದು ಕರೆದು, ಬಿಸಿಲಿನ ಹೊತ್ತಿನಲ್ಲಿ ಒಂದು ಲೋಟ ನೀರು ಕೊಡಲಿ.

ಬರುವ ಬೇಸಿಗೆಗೆ ಕಾಲುವೆ ಮತ್ತೆ ನಿಲ್ಲುತ್ತದೆ. ಅಲ್ಲೀಪುರ, ಮೋಕಾ ಕೆರೆಗಳ ನೀರು ಮತ್ತೆ ತಳ ಕಾಣತೊಡಗುತ್ತದೆ. ಓಣಿಯ ಪುಸ್ತಕವನ್ನು ಈ ತಿಂಗಳೇ ತೆರೆದರೆ ಆ ಹೊತ್ತಿಗೆ ಕೇಳಬೇಕಾದುದನ್ನು ಕೇಳುವ ಹಕ್ಕೂ ಆಧಾರವೂ ನಮ್ಮ ಕೈಯಲ್ಲಿರುತ್ತವೆ.