ಬೆಳ್ಳಿತೆರೆಯ ಬೆಟ್ಟವೂ ನಿಜವಾದ ಬೆಟ್ಟವೂ

ದೇಶಸಂಚಾರವು ಜ್ಞಾನವೃದ್ಧಿಗೆ ಸಾಧನವೆಂಬುದು ಹಿರಿಯರ ಮತ. ಪೂರ್ವದಲ್ಲಿ ಯಾತ್ರೆಗೆ ಹೊರಡುವವನು ಸ್ಥಳಪುರಾಣದಿಂದಲೋ ಹೋಗಿಬಂದವರ ಬಾಯಿಂದಲೋ ಸ್ಥಳದ ಮಹಿಮೆಯನ್ನು ತಿಳಿಯುತ್ತಿದ್ದನು. ಈಗ ಆ ಕಾರ್ಯವನ್ನು ಬಹುಮಟ್ಟಿಗೆ ಚಲಚ್ಚಿತ್ರವು ವಹಿಸಿಕೊಂಡಿದೆ. ಕಿವಿಯಿಂದ ಕೇಳಿದುದು ಕುತೂಹಲವನ್ನು ಹುಟ್ಟಿಸುವುದು. ತೆರೆಯ ಮೇಲೆ ಕಂಡುದಾದರೋ ‘ಇದನ್ನು ನಾನು ಬಲ್ಲೆ’ ಎಂಬ ಭ್ರಮೆಯನ್ನೇ ಹುಟ್ಟಿಸುವುದು. ಇದಕ್ಕೆ ನಮ್ಮ ರಾಮನಗರವೇ ಉತ್ತಮವಾದ ದೃಷ್ಟಾಂತ.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಈ ಊರಿನ ಬಂಡೆಗಳ ನಡುವೆ 1973ರಲ್ಲಿ ರಮೇಶ ಸಿಪ್ಪಿಯವರು ‘ಶೋಲೆ’ ಎಂಬ ಹಿಂದೀ ಚಿತ್ರದ ಚಿತ್ರೀಕರಣವನ್ನು ಆರಂಭಿಸಿದರು. ಕಥೆಗೆ ಬೇಕಾದ ರಾಮಗಢವೆಂಬ ಹಳ್ಳಿಯನ್ನು ಹೊಸದಾಗಿಯೇ ಕಟ್ಟಿಸಿದರು. 1975ರ ಆಗಸ್ಟ್ 15ರಂದು ಚಿತ್ರವು ತೆರೆಕಂಡಿತು. ಅಂದಿನಿಂದ ಜನರು ಗಬ್ಬರಸಿಂಗನ ಬಂಡೆ ಯಾವುದು, ಠಾಕೂರನ ಮನೆ ಎಲ್ಲಿ ಎಂದು ವಿಚಾರಿಸುತ್ತ ಬರುತ್ತಿರುವರು. ಆ ಹಳ್ಳಿಯಾದರೋ ಚಿತ್ರೀಕರಣದೊಡನೆಯೇ ಮುಗಿಯಿತು. ರೈಲು ದರೋಡೆಯ ದೃಶ್ಯವಂತೂ ಇಲ್ಲಿಯದೇ ಅಲ್ಲ. ಅದು ಮುಂಬಯಿ–ಪುಣೆ ಮಾರ್ಗದಲ್ಲಿ ಪನ್ವೇಲಿನ ಸಮೀಪದಲ್ಲಿ ತೆಗೆದುದು. ದೂರದ ಸ್ಥಳಗಳನ್ನು ಜೋಡಿಸಿ ಒಂದೇ ಊರೆನ್ನಿಸುವುದು ಚಲಚ್ಚಿತ್ರದ ಸಹಜಧರ್ಮ, ಅದು ದೋಷವಲ್ಲ. ಇಲ್ಲದುದನ್ನು ಅರಸುತ್ತ ಇರುವುದನ್ನು ಕಾಣದೆ ಹಿಂದಿರುಗುವುದೇ ದೋಷ.

ಹಾಗಾದರೆ ಅಲ್ಲಿ ಇರುವುದೇನು? ಭೂವಿಜ್ಞಾನಿಗಳು ಈ ಊರಿನ ಹಳೆಯ ಹೆಸರಿನಿಂದಲೇ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಶಿಲೆಯಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ. ಊರಿನಲ್ಲಿ ಹೆಸರಾಂತ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಎಲ್ಲಕ್ಕಿಂತ ವಿಶೇಷವಾಗಿ, ಬೆಟ್ಟದ ಕಡಿದಾದ ಬಂಡೆಗಳ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತ ಬಂದಿವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಕಳೇಬರದ ಮೂಲಕ ಈ ಜಟಾಯುವಂಶದ ಒಡಲನ್ನು ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ದೇಶದಲ್ಲೆಲ್ಲ ಅದನ್ನು ನಾಶದ ಅಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಲಾಯಿತು; 2012ರಲ್ಲಿ ಈ ಬೆಟ್ಟವು ರಣಹದ್ದುಧಾಮವಾಯಿತು. ಈ ಪಕ್ಷಿಯು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಬ್ಬರನ ಮಾತುಗಳನ್ನು ಅನುಕರಿಸಿ ಬಂಡೆಗಳು ಮರುದನಿಗೊಡುವಂತೆ ಕೂಗುವವರು ಯಾರ ಮನೆಯ ಬಾಗಿಲಲ್ಲಿ ಕೂಗುತ್ತಿರುವೆವೆಂದು ಯೋಚಿಸತಕ್ಕುದು.

ಇಂತಹ ಮೋಹವು ಮಿತಿಮೀರಿದರೆ ಏನಾಗುವುದೆಂಬುದಕ್ಕೆ ಥಾಯ್ಲೆಂಡಿನ ಮಾಯಾ ಕೊಲ್ಲಿಯೇ ಸಾಕ್ಷಿ. 2000ದಲ್ಲಿ ತೆರೆಕಂಡ ‘ದಿ ಬೀಚ್’ ಚಿತ್ರದಿಂದ ಅದು ಪ್ರಸಿದ್ಧವಾಗಿ, ಜನರ ಮತ್ತು ದೋಣಿಗಳ ದಟ್ಟಣೆಯಿಂದ ಹವಳದ ದಿಬ್ಬಗಳು ನಷ್ಟವಾಗಲು, 2018ರಲ್ಲಿ ಕೊಲ್ಲಿಯನ್ನೇ ಮುಚ್ಚಬೇಕಾಯಿತು. 2022ರಲ್ಲಿ ಕಟ್ಟುಪಾಡುಗಳೊಡನೆ ಅದು ಪುನಃ ತೆರೆಯಿತು.

ಹಾಗೆಂದು ಚಿತ್ರವನ್ನು ನಿಂದಿಸುವುದು ನ್ಯಾಯವಲ್ಲ. ಶೋಲೆಯಿಲ್ಲದಿದ್ದರೆ ಅನೇಕರು ಈ ಬೆಟ್ಟದ ಹೆಸರನ್ನೇ ಕೇಳುತ್ತಿರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ತೆರೆಯ ಬೆಟ್ಟಕ್ಕೂ ಸಲ್ಲುವುದು. ಆದಕಾರಣ ಗೃಹಸ್ಥರು ಮಕ್ಕಳನ್ನು ಕರೆದೊಯ್ಯುವಾಗ ಚಿತ್ರದ ಕಥೆಯನ್ನು ಹೇಳಲಿ. ಅದರೊಡನೆ ಕಲ್ಲಿನ ಕಥೆಯನ್ನೂ ಹಕ್ಕಿಯ ಕಥೆಯನ್ನೂ ಹೇಳಲಿ. ಬೆಟ್ಟದ ಮೇಲೆ ಕ್ಷಣಕಾಲ ಮೌನವಾಗಿ ನಿಂತು ಆಕಾಶವನ್ನು ನೋಡಲು ಕಲಿಸಲಿ. ಆಗ ಪ್ರಯಾಣವು ಸಾರ್ಥಕವಾಗುವುದು.